ಕೇದಗೆಮನೆಯ ಹಸನ್

“ಯಾವ ಮನೆ ಅಂದ್ರಿ?” ಗುಮಾಸ್ತ ಎರಡನೇ ಸಲ ಕೇಳಿದ.

“ಕೇದಗೆಮನೆ,” ಎಂದಳು ದಲೇಕಾ. “ಹಸನ್ ಮೂಸಾ, ಕೇದಗೆಮನೆ. ನನ್ನ ಮಗ. ನಿಮ್ಮ ಸ್ಮಾರಕದ ಕಲ್ಲಲ್ಲಿ ರೋಶನಿಮನೆ ಅಂತ ಕೆತ್ತಿದ್ದಾರೆ. ಹೊಸ ಕಲ್ಲು ಹಾಕ್ತಾರಂತಲ್ಲ, ಅದರಲ್ಲಾದ್ರೂ ಸರಿ ಮಾಡಿಸಪ್ಪ.”

ರಾಜಧಾನಿ ಮಾಲೆಯ ಮೀನುಪೇಟೆಯಲ್ಲಿ ನಿಂತು ಹಸನ್ ಮೂಸಾ ಎಂದು ಕೂಗಿದರೆ ಹತ್ತು ಜನ ತಿರುಗುತ್ತಾರೆ. ಮನೆಯ ಹೆಸರು ಸೇರಿಸಿದರೇ ಇಂಥವನು ಎಂದು ಗೊತ್ತಾಗುವುದು. ಕೂಲಿ ಬಂದೂಕಿನವರು ಸಮುದ್ರದಿಂದ ಬಂದು ಅಧ್ಯಕ್ಷರನ್ನು ಹಿಡಿಯಲು ನೋಡಿದ ಆ ನವೆಂಬರಿನ ಬೆಳಗ್ಗೆ, ಸೇನಾ ನೆಲೆಯ ಬಾಗಿಲು ಬಿಟ್ಟುಕೊಡದೆ ಸತ್ತವನು ಅವಳ ಹಸನ್. ಇಪ್ಪತ್ತು ತುಂಬಿರಲಿಲ್ಲ. ಅಧ್ಯಕ್ಷರು ಬದುಕಿದರು, ಇನ್ನೂ ಎಷ್ಟೋ ವರ್ಷ ಆಳಿದರು, ಆಮೇಲೆ ಬೇರೆಯವರು ಬಂದರು. ಕುರ್ಚಿಗೇನು, ಕೂರುವವರು ಸಿಗುತ್ತಾರೆ.

ಎಡವಟ್ಟಾದದ್ದು ಹಸನ್‌ನಿಂದಲೇ. ಓದಲು ಬಂದ ದ್ವೀಪದ ಹುಡುಗರೆಲ್ಲ ಮಾಲೆಯಲ್ಲಿ ಯಾರದೋ ಮನೆ ಸೇರಿಕೊಳ್ಳುವಂತೆ ಅವನೂ ರೋಶನಿಮನೆ ಸೇರಿದ್ದ. ನೀರು ಸೇದಿದ, ಆ ಮನೆಯ ಮಗು ಸಮೀಹಾಳನ್ನು ಶಾಲೆಗೆ ಬಿಟ್ಟುಬಂದ, ಮೂಲೆಯಲ್ಲಿ ಚಾಪೆ ಹಾಸಿಕೊಂಡ. ಸೇನೆಗೆ ಸೇರುವಾಗ ಯಾವ ಮನೆ ಎಂದಿದ್ದಕ್ಕೆ ಮಲಗುತ್ತಿದ್ದ ಮನೆಯ ಹೆಸರನ್ನೇ ಹೇಳಿಬಿಟ್ಟ. ಅದೇ ದಾಖಲೆಯಾಯಿತು, ಅದೇ ಕಲ್ಲಿಗೂ ಏರಿತು. ಪ್ರತಿ ನವೆಂಬರಿನಲ್ಲೂ ಹುತಾತ್ಮರ ದಿನದಂದು ಮುಂದಿನ ಸಾಲಿನ ಕುರ್ಚಿ ರೋಶನಿಮನೆಯವರಿಗೆ. ದಲೇಕಾ ಹಗ್ಗದಾಚೆ, ನೋಡಲು ಬಂದವರ ನಡುವೆ.

ಇಷ್ಟು ವರ್ಷ ಅವಳು ಬಾಯಿ ಬಿಟ್ಟಿರಲಿಲ್ಲ. ಮನೆಯೇ ಇರುವಾಗ ಕಲ್ಲಿನ ಹಂಗೇಕೆ ಎಂದುಕೊಂಡಿದ್ದಳು. ಆಮೇಲೆ ಸುನಾಮಿ ಬಂದು ಊರಿಗೆ ಊರನ್ನೇ ಗುಡಿಸಿ ಹಾಕಿತು. ಬದುಕಿದವರಿಗೆ ಬೇರೆ ದ್ವೀಪದಲ್ಲಿ ಸಾಲುಮನೆ ಕಟ್ಟಿಕೊಟ್ಟರು. ಆ ಮನೆಗಳಿಗೆ ಹೆಸರಿಲ್ಲ, ನಂಬರು.

ಗುಮಾಸ್ತ ಒಳ್ಳೆಯವನೇ. ಕಂಪ್ಯೂಟರಿನಲ್ಲಿ ಮೂರು ಸಲ ಹುಡುಕಿದ.

“ಅಜ್ಜಿ, ಆ ಮನೆ ಪಟ್ಟೀಲಿಲ್ಲ. ಆ ದ್ವೀಪಾನೇ ತೆಗೆದುಹಾಕಿದ್ದಾರೆ.”

“ಇಲ್ಲ ಅಂದ್ರೆ? ನಾನೇನು ಅವನನ್ನ ಸಮುದ್ರದಲ್ಲಿ ಹೆತ್ತೆನಾ?”

ಅವಳು ಚೀಲದಿಂದ ಒಂದು ಹಲಗೆ ತೆಗೆದು ಮೇಜಿನ ಮೇಲಿಟ್ಟಳು. ಬಾಗಿಲ ಮೇಲಿದ್ದ ಹೆಸರಿನ ಹಲಗೆ. ನೀರಿಳಿದ ಮೇಲೆ ತೆಂಗಿನ ಬುಡದಲ್ಲಿ ಸಿಕ್ಕಿತ್ತು. ಅದರ ನೀಲಿ ಅಕ್ಷರ ಹನ್ನೆರಡು ವರ್ಷದ ಹಸನ್ ಬರೆದದ್ದು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಮುದುಡಿಕೊಂಡಿತ್ತು.

ಗುಮಾಸ್ತ ಓದಿದ. ಮೆಲ್ಲಗೆ ಅವಳ ಕಡೆಗೇ ಸರಿಸಿದ. “ಇಲ್ಲದ ಮನೆ ಹೆಸರು ಕೆತ್ತೋಕಾಗಲ್ಲ ಅಜ್ಜಿ. ಬೇಕಾದ್ರೆ ಬರೀ ಹಸನ್ ಮೂಸಾ ಅಂತ ಹಾಕಿಸ್ಲಾ?”

“ಬರೀ ಹಸನ್ ಮೂಸಾ ಅಂದ್ರೆ ಯಾರ ಮಗ?” ಅವಳು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. “ಇರ್ಲಿ ಬಿಡು. ಎಲ್ಲೋ ಒಂದು ಮನೇಲಿರ್ಲಿ.”

ಮರುದಿನ ನವೆಂಬರಿನ ಮೂರನೇ ತಾರೀಖು. ಸ್ಮಾರಕದ ಮುಂದೆ ಕುರ್ಚಿ ಹಾಕಿದ್ದರು, ಹಗ್ಗ ಕಟ್ಟಿದ್ದರು.

“ಯಾವ ಮನೆಯವರಮ್ಮಾ?” ಕಾವಲಿನವನು ಕೇಳಿದ. “ಹುತಾತ್ಮರ ಮನೆಯವರನ್ನಷ್ಟೇ ಬಿಡೋದು.”

ಹಿಂದೆಲ್ಲ ಈ ಮಾತಿಗೆ ಅವಳು ಸುಮ್ಮನೆ ಸರಿದು ನಿಲ್ಲುತ್ತಿದ್ದಳು. ಈಗ ಮೊಣಕಾಲಿಗೆ ನಿಲ್ಲುವ ಶಕ್ತಿಯಿರಲಿಲ್ಲ. ಇನ್ನೊಂದು ನವೆಂಬರು ಕಾಣುವ ಖಾತ್ರಿಯೂ ಇರಲಿಲ್ಲ.

“ರೋಶನಿಮನೆ,” ಎಂದಳು. ಮಗನನ್ನು ಕೈಯಾರೆ ದತ್ತು ಕೊಟ್ಟಂತಾಯಿತು.

ಅವನು ಹಗ್ಗ ಎತ್ತಿದ. “ಚೀಲ ಮಾತ್ರ ಇಲ್ಲೇ ಬಿಟ್ಟು ಹೋಗಿ.”

ಮುಂದಿನ ಸಾಲಿನಲ್ಲಿದ್ದ ಸಮೀಹಾ ಗುರುತು ಹಿಡಿದು ಪಕ್ಕಕ್ಕೆ ಸರಿದಳು. ಅವಳ ತಲೆಯೂ ನರೆತಿತ್ತು.

“ಬನ್ನಿ ದೊಡ್ಡಮ್ಮ, ಕೂತ್ಕೊಳ್ಳಿ. ನಮ್ಮ ಹಸನಣ್ಣನ್ನ ನೋಡೋಕೆ ಈಗ ಬಂದ್ರಾ?”

ಸಮೀಹಾಳ ಕಣ್ಣೀರು ನಿಜವಾದದ್ದೇ. ದಲೇಕಾಳಿಗೆ ಸಿಟ್ಟು ಮಾಡಿಕೊಳ್ಳಲೂ ಜಾಗವಿರಲಿಲ್ಲ.

ಅಧಿಕಾರಿ ಹೆಸರು ಕೂಗತೊಡಗಿದ. ಕೂಗಿದಾಗ ಆ ಮನೆಯವರು ಎದ್ದು ನಿಲ್ಲಬೇಕು.

“ಹಸನ್ ಮೂಸಾ, ರೋಶನಿಮನೆ.”

ಸಮೀಹಾ ಎದ್ದಳು. ಅವಳ ತೋಳು ಹಿಡಿದುಕೊಂಡು ದಲೇಕಾಳೂ ಎದ್ದಳು. ಹಗ್ಗದಾಚೆ ಕಂಬಕ್ಕೊರಗಿಸಿದ್ದ ಹಲಗೆಯ ಚೀಲ ಮಗುಚಿ ಬಿದ್ದಿತ್ತು. ಕಾವಲಿನವನು ಅದನ್ನು ಕಾಲಿನಿಂದ ಮೆಲ್ಲಗೆ ದಾರಿಯ ಅಂಚಿಗೆ ಸರಿಸಿದ.