ಕೊನೆಯ ಖಾನೆಯ ದೀರ್ಘ

ವಾಚನಾಲಯದ ಉದ್ದ ಗೋಡೆಯ ಮೇಲೆ, ದೇಶದ ಸಂವಿಧಾನಕ್ಕೆ ಆದ ತಿದ್ದುಪಡಿಗಳನ್ನೆಲ್ಲ ವಿಷಯವಾರು ಬರೆಯುವ ಕೆಲಸ ದೊಡ್ಡಪ್ಪನಿಗೆ ಸಿಕ್ಕಿತ್ತು. ಅವನದು ಬೋರ್ಡ್ ಬರೆಯುವ ಅಂಗಡಿ. ನಾನು ಅಲ್ಲಿನ ಎರಡನೇ ಕುಂಚ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ದೀರ್ಘ ಎಳೆಯುವುದನ್ನು ಇವತ್ತಿಗೂ ಮರೆಯುತ್ತೇನೆ. "ಹೊತ್ತೊತ್ತಿಗೆ ಅನ್ನ ಹಾಕ್ತೀನಲ್ಲೋ, ದೀರ್ಘ ಯಾಕೆ ನುಂಗ್ತೀಯ?" ಎಂದು ದೊಡ್ಡಪ್ಪ ದಿನಾ ಮಂಗಳಾರತಿ ಎತ್ತುತ್ತಾನೆ.

ವಿಂಗಡಣೆ ವಾಚನಾಲಯದ ಮೇಡಂದು. ಸೀಮೆಸುಣ್ಣದಲ್ಲಿ ಖಾನೆ ಗೀಚಿ ಕೊಟ್ಟಿದ್ದರು: ಹಕ್ಕುಗಳು, ಚುನಾವಣೆ, ಶಿಕ್ಷಣ, ತೆರಿಗೆ, ಗಡಿ. ಕೊನೆಗೆ, ಕೈತೊಳೆಯುವ ನಲ್ಲಿಯ ಮೇಲೆ, ಒಂದು ಪುಟ್ಟ ಖಾನೆ: ಇತರೆ. ಅದರಡಿ ಒಂದೇ ಒಂದು ತಿದ್ದುಪಡಿ. ಕಾಯಂ ವಿಳಾಸ ಇಲ್ಲದವರೂ ಈ ದೇಶದ ಪ್ರಜೆಗಳೇ, ಅವರಿಗೂ ಮತ ಉಂಟು, ಶಾಲೆ ಉಂಟು ಎಂದು ಹೇಳಿದ್ದು.

ನನ್ನ ಮೈ ಉರಿಯಿತು. ಅಜ್ಜಿ ರಸ್ತೆ ಹಾಕುವ ತಂಡದ ಜೊತೆ ಡೇರೆ ಕಿತ್ತು ಡೇರೆ ಹೂಡಿ ಬದುಕಿದವಳು. ದೊಡ್ಡಪ್ಪ ಹುಟ್ಟಿದ್ದೂ ಡೇರೆಯಲ್ಲೇ. ಆ ತಿದ್ದುಪಡಿ ಬರುವ ತನಕ ನಮ್ಮವರು ಯಾವ ಲೆಕ್ಕಕ್ಕೂ ಇರಲಿಲ್ಲ. ಗಡಿಯ ಕಲ್ಲಿಗೂ ಇಲ್ಲೊಂದು ಖಾನೆ ಇದೆ. ಮನೆಯಿಲ್ಲದವರ ತಿದ್ದುಪಡಿಗೆ ಗೋಡೆಯ ಮೇಲೂ ಮನೆಯಿಲ್ಲ. ನಾಳೆ ಇದನ್ನು ನೋಡಲೆಂದೇ ಅಜ್ಜಿ ಬರುವವಳಿದ್ದಳು. ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಅವಳ ಬಾಯಲ್ಲಿ "ಇತರೆ" ಬರಕೂಡದು. ಅಷ್ಟೆ.

"ಮೇಡಂ, ಇದನ್ನ ಹಕ್ಕುಗಳಿಗೆ ಹಾಕಿ."

"ಚುನಾವಣೆಗೂ ಸೇರುತ್ತಪ್ಪ, ಶಿಕ್ಷಣಕ್ಕೂ ಸೇರುತ್ತೆ. ಒಂದನ್ನ ಒಂದೇ ಕಡೆ ಬರೀಬೇಕು. ಎಲ್ಲಿ ಅಂತ ಇಡ್ಲಿ?"

"ಅಂದ್ರೆ ಮೂರು ಮನೆ ನೆಂಟ ಉಣ್ಣದೆ ಕೆಟ್ಟ."

ಮೇಡಂ ನಕ್ಕರು. ಕೆಟ್ಟವರೇನಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಬಾಯಿ ಮುಚ್ಕೊಂಡು ಬರಿಯೋ," ಎಂದು ದೊಡ್ಡಪ್ಪ ಪಿಸುಗುಟ್ಟಿದ. "ಮುಂದಿನ ಬೋರ್ಡೆಲ್ಲ ಇವ್ರ ಕೈಲಿದೆ. ನಿನ್ನ ಪೌರುಷಕ್ಕೆ ನಾನು ಅಂಗಡಿ ಮುಚ್ಚಬೇಕಾ?"

ಇಬ್ಬರೂ ಟೀ ಕುಡಿಯಲು ಹೋದರು. ನಾನು ಏಣಿ ಹತ್ತಿದೆ. ಇ ಬರೆದೆ. ತ ಇರಬೇಕಾದಲ್ಲಿ ವ ಬರೆದೆ. ಆಮೇಲೆ ರೆ.

ಇವರೆ.

ವಾಪಸ್ ಬಂದ ಮೇಡಂ ಎರಡು ಸಲ ಓದಿದರು. "ಏನಿದು? ತಪ್ಪಾಗಿದೆ, ತಿದ್ದು."

"ತಿದ್ದುಪಡಿ ಸುಮ್ನೆ ಆಗಲ್ಲ ಮೇಡಂ. ಮೂರನೇ ಎರಡು ಬಹುಮತ ಬೇಕು. ನಿಮ್ಮ ಗೋಡೆ ಮೇಲೇ ಬರೆದಿದೀನಿ."

ಅಲ್ಲಿದ್ದದ್ದು ನಾವು ಮೂವರೇ. ಮೇಡಂ ದೊಡ್ಡಪ್ಪನ ಕಡೆ ತಿರುಗಿದರು. "ನಿಮ್ಮ ಹುಡುಗನಿಗೆ ಬುದ್ಧಿ ಹೇಳಿ. ಇಲ್ಲಾಂದ್ರೆ ಮುಂದಿನ ಕೆಲಸ ಬೇರೆಯವರಿಗೆ ಕೊಡ್ತೀನಿ."

"ಇಳಿಯೋ ಕತ್ತೆ," ಎಂದು ದೊಡ್ಡಪ್ಪ ಕುಂಚ ಕಿತ್ತುಕೊಂಡ.

ಇಳಿದೆ. ಅವನು ಅಳಿಸಿದರೆ ಮತ್ತೆ ಬರೆಯುವುದೇ ಸೈ ಎಂದುಕೊಂಡು ಏಣಿ ಹಿಡಿದು ನಿಂತೆ. ದೊಡ್ಡಪ್ಪ ಮೇಲೆ ಹತ್ತಿ, ಆ ಮೂರು ಅಕ್ಷರಗಳನ್ನು ಅಜ್ಜಿಯ ಹಾಗೆ ಕೂಡಿಸಿಕೊಂಡು ಓದಿದ. ಆಮೇಲೆ ಕುಂಚವನ್ನು ಬಣ್ಣಕ್ಕೆ ಅದ್ದಿ, ಕೊನೆಯ ಅಕ್ಷರದ ಪಕ್ಕ ನಿಧಾನವಾಗಿ ಒಂದು ಸುರುಳಿ ಎಳೆದ.

"ಹೌದು ಮೇಡಂ, ತಪ್ಪಿತ್ತು," ಎಂದ, ಗೋಡೆಗೆ ಮುಖ ಮಾಡಿಕೊಂಡೇ. "ದೀರ್ಘ ನುಂಗಿದ್ದ. ತಿದ್ದಿದೀನಿ."