ಎಲ್‌ರಾಯ್ ನುಡಿಸದ ಹಾಡು

ವರ್ಡೆಲ್ ಅರವತ್ತನೆಯ ಹಾಳೆಯಲ್ಲಿ ಆ ಒಂದು ಸಾಲನ್ನು ಗೀಚಿ ಅಳಿಸುತ್ತಿದ್ದಾಗ ಅವಳ ಅಮ್ಮ ಅರ್ಲೀನ್ ಹಿಂದಿನಿಂದ ಬಂದು ಪೆನ್ನು ಕಿತ್ತುಕೊಂಡಳು.

"ಏನೇ ಮಾಡ್ತಿದ್ದೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

ಚರ್ಚಿನ ಅಡುಗೆಮನೆಯ ಮೇಜಿನ ತುಂಬ ಅಪ್ಪನ ಶವಸಂಸ್ಕಾರಕ್ಕೆ ಬರುವವರಿಗೆ ಹಂಚಲು ಅಚ್ಚು ಹಾಕಿಸಿದ್ದ ಹಾಳೆಗಳು ಹರಡಿದ್ದವು. ಮುಖಪುಟದಲ್ಲಿ ಬಸ್ ಡ್ರೈವರನ ಟೋಪಿ ಹಾಕಿಕೊಂಡು ಎಲ್‌ರಾಯ್ ಗೇನ್ಸ್ ಹಲ್ಲು ಬಿಟ್ಟು ನಗುತ್ತಿದ್ದ. ಒಳಪುಟದಲ್ಲಿ ಅವನ ಎಂಬತ್ತೆರಡು ವರ್ಷದ ಬದುಕು ಹದಿನಾಲ್ಕು ಸಾಲಿಗೆ ಇಳಿದಿತ್ತು. ಮೂವತ್ತನಾಲ್ಕು ವರ್ಷ ಡೆಟ್ರಾಯ್ಟಿನ ಬಸ್ಸು ಓಡಿಸಿದ್ದಕ್ಕೆ ಒಂದು ಸಾಲು, ಈ ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಂಡದ್ದಕ್ಕೆ ಒಂದು ಸಾಲು. ವರ್ಡೆಲ್ ಗೀಚುತ್ತಿದ್ದ ನಾಲ್ಕನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು: 'ಡೊರೆಥಾ ಪ್ರೈಸರ್ ಅವರ ಜಗತ್ಪ್ರಸಿದ್ಧ ಹಾಡಿಗೆ ಬೇಸ್ ಗಿಟಾರ್ ನುಡಿಸಿದವರು ಇವರೇ.'

"ಪೆನ್ನು ಕೊಡಮ್ಮಾ. ಹನ್ನೊಂದಕ್ಕೆ ಜನ ಬಂದ್ಬಿಡ್ತಾರೆ."

"ಕೊಡಲ್ಲ. ಇಡೀ ಊರಿಗೆ ಗೊತ್ತಿರೋ ವಿಷ್ಯ ಅದು."

"ಊರಿಗೆ ಗೊತ್ತಿರೋದು ಸುಳ್ಳು."

ಅರ್ಲೀನ್ ಸರಕ್ಕನೆ ಹಿಂದಕ್ಕೆ ನೋಡಿದಳು. ಒಲೆಯ ಮುಂದೆ ಸೊಪ್ಪು ಬೇಯಿಸುತ್ತಿದ್ದ, ಚರ್ಚಿನವರೆಲ್ಲ ಸಿಸ್ಟರ್ ಅಂತಲೇ ಕರೆಯುವ ಒಡೆಲ್ ಸೌಟು ಆಡಿಸುವುದನ್ನೇ ನಿಲ್ಲಿಸಿದ್ದಳು. ಆಕೆಯ ಕಿವಿಗೆ ಒಂದು ಮಾತು ಬಿದ್ದರೆ ಸಾಕು, ಕೋಳಿ ಕರಿದು ಮುಗಿಯುವಷ್ಟರಲ್ಲಿ ಊರೆಲ್ಲ ಸುತ್ತಿ ಬರುತ್ತದೆ.

"ಮೆತ್ತಗೆ ಮಾತಾಡು," ಅರ್ಲೀನ್ ಹಲ್ಲು ಕಚ್ಚಿದಳು. "ನಂಗೊತ್ತಿಲ್ಲ ಅಂದ್ಕೊಂಡ್ಯಾ? ಐವತ್ಮೂರು ವರ್ಷ ಸಂಸಾರ ಮಾಡಿದೀನಿ. ಒಂದಿನ ಆ ಮನುಷ್ಯ ತಂತಿ ಮುಟ್ಟಿದ್ದು ಕಂಡಿಲ್ಲ. ಸ್ನಾನದ ಮನೇಲಿ ಹಾಡಿದ್ರೆ ಪಕ್ಕದ ಮನೆ ನಾಯಿ ಊಳಿಡ್ತಿತ್ತು."

ಇಷ್ಟು ವರ್ಷ ಅಮ್ಮನೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಚರ್ಚಿನಲ್ಲಿ ತಲೆಯೆತ್ತಿ ಓಡಾಡಿದ್ದಳೇ!

"ಹಾಗಿದ್ರೆ ಯಾಕಮ್ಮ ಬಾಯಿ ಬಿಡ್ಲಿಲ್ಲ?"

"ಮೂವತ್ತನಾಲ್ಕು ವರ್ಷ ಸ್ಟೀರಿಂಗ್ ಹಿಡಿದು ಸೊಂಟ ಮುರ್ಕೊಂಡ ಮನುಷ್ಯ. ಜನ ಅವನನ್ನ ನೋಡಿ ಎದ್ದು ನಿಲ್ತಿದ್ದಿದ್ದು ಅದೊಂದಕ್ಕೆ. ಮಣ್ಣಿಗೆ ಹೋಗೋ ದಿನ ಅದನ್ನ ಕಿತ್ಕೋತೀಯಾ? ನಾಳೆಯಿಂದ ಈ ಜನರ ಮಧ್ಯೆ ಮುಖ ಎತ್ಕೊಂಡು ತಿರುಗಬೇಕಾದವಳು ನಾನು ಕಣೇ."

"ಅಪ್ಪನಿಗೆ ಮಾತು ಕೊಟ್ಟಿದೀನಮ್ಮ."

"ಸಾಯೋನಿಗೆ ಮಾತು ಕೊಟ್ಟೆ. ಬದುಕಿರೋಳ ಗತಿ?" ಅರ್ಲೀನ್ ಪೆನ್ನನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟೇಹೋದಳು.

ಗೀಚಿದ್ದನ್ನೆಲ್ಲ ಪಕ್ಕಕ್ಕೆ ಸರಿಸಿ, ಉಳಿದ ನೂರಾ ಇಪ್ಪತ್ತು ಹಾಳೆಗಳನ್ನು ವರ್ಡೆಲ್ ಮಡಚಿ ಜೋಡಿಸಿದಳು. ಹಾಳೆ ಹಾಗೇ ಇರಲಿ. ಬಾಯಲ್ಲೇ ಹೇಳುತ್ತೇನೆ ಅಂದುಕೊಂಡಳು.

*

ಅದು ಶುರುವಾದದ್ದು ಒಂದು ಸೂಟಿನಿಂದ.

ಅರವತ್ತಾರನೇ ಇಸವಿ. ಡೊರೆಥಾ ಎಲ್‌ರಾಯ್‌ಗೆ ಚಿಕ್ಕಪ್ಪನ ಮಗಳು. ಅವಳ ಹಾಡಿನ ರೆಕಾರ್ಡು ಆಗಷ್ಟೇ ಎಲ್ಲ ರೇಡಿಯೋಗಳಲ್ಲಿ ಮೊಳಗತೊಡಗಿತ್ತು. ಆ ಹಾಡಿನ ಹೊಟ್ಟೆಯೊಳಗಿಂದ ಗುಂಯ್ ಎಂದು ಏರಿ ಬರುವ ಬೇಸ್ ನುಡಿಸಿದವನು ಕ್ಲೀವನ್ ಸ್ಟೋಕ್ಸ್, ಎಲ್‌ರಾಯ್‌ನ ಜೀವದ ಗೆಳೆಯ. ಕ್ಲೀವ್‌ಲ್ಯಾಂಡಿನ ಟೀವಿಯವರು ಶನಿವಾರದ ಕಾರ್ಯಕ್ರಮಕ್ಕೆ ಕರೆದರು. ಕ್ಲೀವನ್‌ಗೆ ಎರಕದ ಕಾರ್ಖಾನೆಯಲ್ಲಿ ಶನಿವಾರ ಪಾಳಿ. ತಪ್ಪಿಸಿದರೆ ಕೆಲಸಕ್ಕೇ ಸಂಚಕಾರ, ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಅವನಿಗೆಂದು ಹೊಲಿಸಿದ್ದ ತಿಳಿನೀಲಿ ಸೂಟು ಎಲ್‌ರಾಯ್‌ಗೆ ಹೇಳಿ ಮಾಡಿಸಿದಂತೆ ಕೂತಿತು.

"ನಂಗೆ ನುಡಿಸೋಕೆ ಬರಲ್ವಲ್ಲೇ," ಅಂದ ಎಲ್‌ರಾಯ್.

"ಅಲ್ಲಿ ಯಾರು ನುಡಿಸ್ತಾರೋ? ರೆಕಾರ್ಡ್ ಹಾಕ್ತಾರೆ, ನಾನು ತುಟಿ ಆಡಿಸ್ತೀನಿ, ನೀನು ಕೈ ಆಡಿಸು," ಅಂದಳು ಡೊರೆಥಾ.

ಕೈ ಆಡಿಸಿದ. ಆದರೆ ಅವನು ನಿಂತ ಭಂಗಿ ಇತ್ತಲ್ಲ! ಕಣ್ಣು ಮುಚ್ಚಿ, ಭುಜ ಒಂದಿಷ್ಟೇ ತೂಗುತ್ತ. ಹಾಡಿನ ನಡುವೆ ಡೊರೆಥಾ, ಯಾರೂ ಹೇಳಿಕೊಟ್ಟಿರದಿದ್ದರೂ, ಚಪ್ಪಲಿ ಕಳಚಿ ಬಂದು ಅವನ ಭುಜಕ್ಕೆ ಹಣೆಯಿಟ್ಟು ನಿಜವಾಗಿ ಅತ್ತುಬಿಟ್ಟಳು. ಅವನು ಕಣ್ಣು ತೆರೆಯಲಿಲ್ಲ. ಎದೆಯಾಳದಿಂದ ಹಾಡುವ ಆ ಸೋಲ್ ಸಂಗೀತ ಅಂದರೇನು ಅಂತ ಕೇಳಿದವರಿಗೆ ಇವತ್ತಿಗೂ ಜನ ಆ ಎರಡೂವರೆ ನಿಮಿಷದ ವಿಡಿಯೋ ತೋರಿಸುತ್ತಾರೆ. ಕೋಟಿಗಟ್ಟಲೆ ಮಂದಿ ನೋಡಿದ್ದಾರೆ. ಡೊರೆಥಾ ಮಾತ್ರ ಮೂವತ್ತು ದಾಟುವ ಮೊದಲೇ ತೀರಿಕೊಂಡಳು.

ಬಸ್ಸು ಹತ್ತಿದವರು, "ಆ ವಿಡಿಯೋದಲ್ಲಿರೋದು ನೀವೇ ಅಲ್ವಾ?" ಅಂತ ಕೇಳುತ್ತಿದ್ದರು. "ನಾನೇ," ಅನ್ನುತ್ತಿದ್ದ ಎಲ್‌ರಾಯ್. ಅಲ್ಲಿಯವರೆಗೆ ಅದು ಸುಳ್ಳೇನಲ್ಲ.

ಸುಳ್ಳಾದದ್ದು ಹನ್ನೆರಡು ವರ್ಷದ ಹಿಂದೆ. ಹಳೆಯ ಹಾಡುಗಾರರ ಬಗ್ಗೆ ಚಿತ್ರ ತೆಗೆಯುವವರು ಬಂದು ಎಲ್‌ರಾಯ್‌ನನ್ನು ಇದೇ ಚರ್ಚಿನ ಬೆಂಚಿನ ಮೇಲೆ ಕೂರಿಸಿ, ಆ ಬೇಸ್ ನಿಮಗೆ ಹೇಗೆ ಹೊಳೆಯಿತು ಅಂತ ಕೇಳಿದರು. ತನ್ನಮ್ಮ ಹಿತ್ತಲಲ್ಲಿ ಬಟ್ಟೆ ಕುಕ್ಕುತ್ತಿದ್ದ ಸದ್ದಿನಿಂದ ಹೊಳೆಯಿತು ಅಂದುಬಿಟ್ಟ. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಪ್ರತಿ ಗುರುವಾರ ಡಾಮಿನೋ ಆಡಲು ಬರುತ್ತಿದ್ದ ಕ್ಲೀವನ್ ಆ ಗುರುವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ತುಟಿ ಪಿಟಕ್ಕೆನ್ನದೆ ಎಂಟು ಬೀದಿಯಾಚೆ ಉಳಿದುಬಿಟ್ಟ.

"ಚರ್ಚಲ್ಲಿ ಕೂತು ಹೇಳಿದ ಸುಳ್ಳು ಮಗಾ," ಅಂದಿದ್ದ ಎಲ್‌ರಾಯ್ ಆಸ್ಪತ್ರೆಯ ಮಂಚದಲ್ಲಿ. "ಅಲ್ಲೇ ನಿಂತು ನಿಜ ಹೇಳ್ಬಿಡು. ನಂಗೆ ಧೈರ್ಯ ಸಾಲ್ಲಿಲ್ಲ."

*

ಮೊನ್ನೆ ವರ್ಡೆಲ್ ಕ್ಲೀವನ್‌ನ ಮನೆಗೆ ಹೋಗಿದ್ದಳು. ಅವನು ಬಾಗಿಲನ್ನು ಅರ್ಧ ಮಾತ್ರ ತೆರೆದ.

"ಶನಿವಾರ ಅಪ್ಪನ್ನ ಕಳಿಸಿಕೊಡೋಕೆ ಚರ್ಚಿಗೆ ಬನ್ನಿ ಮಾಮ."

"ಮಂಡಿ ನೋವು."

"ಕಾರು ತಗೊಂಡು ನಾನೇ ಬರ್ತೀನಿ."

"ನೋಡಮ್ಮ, ನಿಮ್ಮಪ್ಪ ನನ್ನ ಸೂಟಲ್ಲಿ ನಿಂತಿದ್ದಕ್ಕೆ ನಂಗೆ ಯಾವತ್ತೂ ಬೇಜಾರಾಗಿಲ್ಲ. ಚೆನ್ನಾಗೇ ನಿಂತ, ನಾನಾಗಿದ್ರೆ ಮರದ ಕೊರಡಿನ ಹಾಗೆ ನಿಲ್ತಿದ್ದೆ. ಆದ್ರೆ ನನ್ನ ಬೆರಳು ಹುಡುಕಿದ ದಾರೀನ ಅವನು ಹೇಳಕ್ಕೆ ಹೋದ್ನಲ್ಲ, ಅದು..." ಮುದುಕ ಬಾಗಿಲ ಚೌಕಟ್ಟಿಗೆ ಒರಗಿದ. "ಬಟ್ಟೆ ಕುಕ್ಕೋ ಸದ್ದಂತೆ! ನಮ್ಮಪ್ಪ ಕುಂಟ್ತಾ ಮೆಟ್ಟಿಲು ಹತ್ತೋ ಸದ್ದಮ್ಮ ಅದು. ಒಂದು ಹೆಜ್ಜೆ ಭಾರ, ಒಂದು ಹಗುರ."

"ಅದನ್ನೇ ಹೇಳ್ತೀನಿ ಮಾಮ. ಎಲ್ಲರ ಮುಂದೆ."

"ನಿಮ್ಮಮ್ಮ ಬಿಡ್ತಾಳಾ?"

"ಬಿಡಲ್ಲ. ಆದ್ರೂ ಹೇಳ್ತೀನಿ."

ಕ್ಲೀವನ್ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ ಬಾಗಿಲು ಹಾಕಿಕೊಂಡ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

*

ಚರ್ಚು ಕಿಕ್ಕಿರಿದಿತ್ತು. ಬಿಳಿ ಕೈಗವಸಿನ ಹೆಂಗಸರು ಕಾಗದದ ಬೀಸಣಿಗೆ ಹಂಚುತ್ತಿದ್ದರು. ತೆರೆದಿಟ್ಟ ಶವಪೆಟ್ಟಿಗೆಯ ಮೇಲ್ಗಡೆ ತೂಗುಹಾಕಿದ್ದ ಪರದೆಯ ಮೇಲೆ ಆ ವಿಡಿಯೋ ಹಾಕಿದರು. ಡೊರೆಥಾ ಚಪ್ಪಲಿ ಕಳಚುವುದಕ್ಕೂ ಜನ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಚಪ್ಪಾಳೆ, ಕೇಕೆ, ಅಳು. "ನಮ್ಮ ಎಲ್‌ರಾಯ್! ನಮ್ಮ ಎಲ್‌ರಾಯ್!" ಮುಂದಿನ ಬೆಂಚಿನಲ್ಲಿ ಅರ್ಲೀನ್ ರಾಣಿಯಂತೆ ಕೂತಿದ್ದಳು. ವರ್ಡೆಲ್ ತಿರುಗಿ ನೋಡಿದಳು. ಕೊನೆಯ ಸಾಲಿನ ಮೂಲೆಯಲ್ಲಿ ಮಡಿಲಲ್ಲಿ ಟೋಪಿ ಇಟ್ಟುಕೊಂಡು ಕ್ಲೀವನ್ ಕೂತಿದ್ದ. ಮನೆಯವರನ್ನು ಬಿಟ್ಟರೆ ಅವನೊಬ್ಬನೇ ಎದ್ದಿರಲಿಲ್ಲ. ಯಾವಾಗ ಬಂದನೋ.

"ಮಗಳು ವರ್ಡೆಲ್ ಎರಡು ಮಾತಾಡ್ತಾಳೆ," ಅಂದರು ಪಾದ್ರಿಗಳು. "ಎರಡೇ ನಿಮಿಷ ಕಣಮ್ಮ."

ಅವಳು ಏಳುವಾಗ ಅಮ್ಮ ಮಣಿಕಟ್ಟು ಹಿಡಿದಳು. ವರ್ಡೆಲ್ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಜನರೆದುರು ಹೋಗಿ ನಿಂತಳು.

"ನಮ್ಮಪ್ಪ ಒಳ್ಳೆ ಮನುಷ್ಯ. ಹಿಮ ಬಿದ್ದ ದಿನ ನಿಲ್ದಾಣ ಅಲ್ಲದ ಕಡೆನೂ ಬಸ್ ನಿಲ್ಲಿಸಿ ನಿಮ್ಮನ್ನೆಲ್ಲ ಹತ್ತಿಸ್ಕೊಂಡಿದ್ದಾರೆ," ಅಂದಳು. "ಹೌದಮ್ಮಾ!" ಅಂದರು ಜನ. "ಒಂದು ಸುಳ್ಳೂ ಹೇಳಿದ್ದಾರೆ. ಇದೇ ಬೆಂಚಲ್ಲಿ ಕೂತು. ಈಗ ನೋಡಿದ್ರಲ್ಲ, ಅದರಲ್ಲಿ ನಿಂತಿದ್ದು ನಮ್ಮಪ್ಪ. ನುಡಿಸಿದ್ದು ನಮ್ಮಪ್ಪ ಅಲ್ಲ."

ಬೀಸಣಿಗೆಗಳು ನಿಂತವು. "ಇವತ್ತೇ ಬೇಕಿತ್ತಾ ಇದು?" ಅಂತ ಯಾರೋ ಗೊಣಗಿದರು. ಸಿಸ್ಟರ್ ಒಡೆಲ್ ಎದ್ದು ನಿಂತು, "ಸುಮ್ನಿರಯ್ಯ! ಹೇಳಮ್ಮಾ ನೀನು, ನಿಧಾನಕ್ಕೆ ಹೇಳು," ಅಂದಳು.

ವರ್ಡೆಲ್ ಎಲ್ಲ ಹೇಳಿದಳು. ಸೂಟು, ಪಾಳಿ, ಕುಂಟುವ ಅಪ್ಪ, ಮೆಟ್ಟಿಲು. "ನುಡಿಸಿದವರು ಕ್ಲೀವನ್ ಸ್ಟೋಕ್ಸ್. ಕೊನೇ ಸಾಲಲ್ಲಿದ್ದಾರೆ. ಕ್ಷಮಿಸಿ ಮಾಮ, ಅಂತ ನಮ್ಮಪ್ಪ ಹೇಳ್ಬೇಕಿತ್ತು. ಅವರ ಪರವಾಗಿ ನಾನು ಹೇಳ್ತಿದ್ದೀನಿ."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಕ್ಲೀವನ್ ಎದ್ದ. ಹೊರಟೇಬಿಟ್ಟ ಅಂದುಕೊಂಡಳು ವರ್ಡೆಲ್. ಮುದುಕ ಬಾಗಿಲ ಕಡೆ ಹೋಗಲಿಲ್ಲ. ಕೋಲೂರಿಕೊಂಡು ಬೆಂಚುಗಳ ನಡುವಿನ ದಾರಿಯಲ್ಲಿ ಮುಂದಕ್ಕೆ ಬಂದ, ಪೆಟ್ಟಿಗೆಯ ಬಳಿ ನಿಂತು ಎಲ್‌ರಾಯ್‌ನ ಮುಖವನ್ನು ಬಹಳ ಹೊತ್ತು ನೋಡಿದ.

"ಮುಠ್ಠಾಳ," ಅಂದ. "ಕೇಳಿದ್ರೆ ನಾನೇ ಹೇಳ್ಕೊಡ್ತಿದ್ನಲ್ಲೋ."

ಆಮೇಲೆ ಚರ್ಚಿನ ವಾದ್ಯದವರತ್ತ ತಿರುಗಿ, "ಕೊಡಪ್ಪ ಅದನ್ನ," ಅಂತ ಬೇಸ್ ಗಿಟಾರಿಗೆ ಕೈ ಚಾಚಿದ. ಕುರ್ಚಿ ಹಾಕಿಕೊಟ್ಟರು. ನಲವತ್ತು ವರ್ಷ ಎರಕದ ಅಚ್ಚು ಎತ್ತಿದ ಬೆರಳುಗಳು ಶುಂಠಿಯ ಹಾಗೆ ಗಂಟುಗಂಟಾಗಿದ್ದವು. ಒಂದು ತಂತಿ ಮೀಟಿದ. ಇನ್ನೊಂದು. ಹಾಡು ಯಾವುದೆಂದು ಎಲ್ಲರಿಗೂ ತಿಳಿಯಿತು. ತಡೆಯಲಾರದೆ ಚಪ್ಪಾಳೆ ತಟ್ಟತೊಡಗಿದರು, ರೆಕಾರ್ಡಿನಲ್ಲಿರುವ ಅದೇ ವೇಗದಲ್ಲಿ. ಚಪ್ಪಾಳೆ ಮುಂದೆ ಓಡಿತು, ಬೆರಳು ಹಿಂದೆ ಉಳಿಯಿತು. ಕ್ಲೀವನ್ ತಪ್ಪಿದ, ಮತ್ತೆ ಹಿಡಿದ, ಮತ್ತೆ ತಪ್ಪಿದ. ಹಣೆಯಲ್ಲಿ ಬೆವರು ಬಂತು. ಗಿಟಾರನ್ನು ಕೆಳಗಿಡಲು ಬಗ್ಗಿದ.

ಮುಂದಿನ ಬೆಂಚಿನಿಂದ ಅರ್ಲೀನ್ ಎದ್ದಳು. ಮುಖ ಇನ್ನೂ ಕೆಂಡದಂತಿತ್ತು. ಮಗಳ ಕಡೆ ನೋಡಲಿಲ್ಲ. ಜನರತ್ತ ತಿರುಗಿ ಅಂಗೈ ಎತ್ತಿದಳು, ಚಪ್ಪಾಳೆ ನಿಂತಿತು. "ಇಡಬೇಡ, ನುಡಿಸು," ಅಂದಳು ಕ್ಲೀವನ್‌ಗೆ. ಅವನು ಒಂದು ತಂತಿ ಮೀಟಿದ. ಅವಳು ಒಂದು ಚಪ್ಪಾಳೆ ತಟ್ಟಿ ಕೈ ಹಾಗೇ ತಡೆದಳು. ಅವನ ಬೆರಳು ಮುಂದಿನ ತಂತಿಗಾಗಿ ತಡವರಿಸುತ್ತಿತ್ತು. ಇನ್ನೂರು ಜನ ಮುಂದಿನ ಚಪ್ಪಾಳೆಗೆಂದು ಎರಡೂ ಕೈ ಎತ್ತಿ ಹಿಡಿದು, ಆ ಬೆರಳನ್ನೇ ನೋಡುತ್ತ ಕಾದರು.