ಸುಮ್ಮನಿರದ ತೋಳು

ದ್ರಾಕ್ಷಿ ಗೊನಿ ಕತ್ತರಸೂಮುಂದ ಕೈಯಾಗಿನ ಕತ್ತರಿ ಜಾರಿ ಬೀಳಾಕತ್ತಿತ್ತಂತ, ಸೊಸಿ ಲಲಿತಾನ್ನ ಗುರಣ್ಣ ತಿಕೋಟಾದಿಂದ ವಿಜಯಪುರದ ದವಾಖಾನಿಗೆ ಕರಕೊಂಡು ಬಂದಿದ್ದ. ಡಾಕ್ಟರ್ ಸುಧಾರಾಣಿ ಆಕಿ ಬಲದೋಳಿಗೆ ಸಣ್ಣ ಸೂಜಿ ಚುಚ್ಚಿ, ಸ್ನಾಯುವಿನಾಗಿನ ಕರೆಂಟ್ ಅಳೆಯೋ ಮಷಿನ್ ಚಾಲೂ ಮಾಡಿದ್ರು.

"ಕೈ ಸಡ್ಲ ಬಿಡ್ರಿ. ಸ್ನಾಯು ಸುಮ್ಮನಿದ್ರ ಮಷಿನ್ನೂ ಸುಮ್ಮನಿರತೈತಿ."

ಎಲ್ಲಿ ಸುಮ್ಮನಿರಬೇಕು! ಪತ್ರಾಸ್ ತಗಡಿನ ಮ್ಯಾಲ ಜ್ವಾಳ ಸುರುವಿದಂಗ ಮಷಿನ್ನಿಂದ ಒಂದೇ ಸವನ ಚಟಚಟ ಸಪ್ಪಳ.

ಬಾಗಲದಾಗ ನಿಂತಿದ್ದ ಗುರಣ್ಣ, "ಯವ್ವಾ, ಡಾಕ್ಟರು ಹೇಳಿದಂಗ ಕೇಳು, ಕೈ ಬಿಡು" ಅಂದ. ಮಾವ ಬಾಯಿ ತಗದ್ರ ಸಾಕು, ಲಲಿತಾನ ಕೈ ತಾನಾಗೇ ತಲಿಮ್ಯಾಲಿನ ಸೆರಗಿಗೆ ಹೋಗತಿತ್ತು. ಸೂಜಿ ಒಳಗ ತಿವಿದು ಜೀವ ಹೋದಂಗ ಆಗತಿತ್ತು. ಮದುವಿಯಾದಾಗಿಂದ ಮಾವನ ಮುಂದ ಸೆರಗು ಜಾರಗೊಟ್ಟಾಕಿ ಅಲ್ಲ ಆಕಿ.

"ಮತ್ತ ಎತ್ತಿದ್ರಿ!" ಡಾಕ್ಟರು ಬೈದ್ರು.

"ಬಿಡವಾ ಅಂದ್ರ!" ಗುರಣ್ಣನೂ ಬೈದ. ಕೈ ಮತ್ತ ಎದ್ದಿತು.

ಲಲಿತಾಗ ತನ್ನ ಕೈಮ್ಯಾಲೇ ಸಿಟ್ಟು ನೆತ್ತಿಗೇರಿತು. ಕತ್ತರಿ ಹಿಡಿ ಅಂದ್ರ ಆಗಂಗಿಲ್ಲ, ಸೆರಗು ಹಿಡಿಯಾಕ ಮಾತ್ರ ಓಡತೈತಿ, ಹಾಳಾದ್ದು!

"ಮಾವಾರ್ನ ಹೊರಗ ಕಳಸ್ರಿ" ಅಂದ್ಲು, ಹಲ್ಲು ಕಚ್ಚಿ.

ಗುರಣ್ಣ ಮಾರಿ ಸಣ್ಣದು ಮಾಡಿಕೊಂಡು ಹೋದ. ಬಾಗಲಾ ಮುಚ್ಚಿದ್ದೇ ತಡ, ಚಟಚಟ ನಿಂತಿತು. "ಹಾಂ, ಈಗ ನೋಡ್ರಿ" ಅಂತ ಡಾಕ್ಟರು ಅನ್ನೂದರಾಗ, ಹೊರಗ ಗುರಣ್ಣ ಕೆಮ್ಮಿದ.

ಲಲಿತಾನ ಕೈ ಮಂಚದ ಮ್ಯಾಲ ಬಿದ್ದಲ್ಲೇ ಬಿದ್ದಿತ್ತು, ಬಟ್ಟು ಸೈತ ಅಲುಗಿರಲಿಲ್ಲ. ಮಷಿನ್ ಮಾತ್ರ ಚಟಚಟ ಅಂದಿತು.